ಮಸಾಲೆ ಚಾ: ನಮ್ಮ ಹಾಲಿಗೆ, ನಮ್ಮ ಹುಡಿಗೆ ಯಾವುದು ಹೊಂದುತ್ತದೆ?

ಮಸಾಲೆ ಚಾ ಮಾಡುವುದು ಹೇಗೆ ಅಂತ ಮೊಬೈಲಿನಲ್ಲಿ ಹುಡುಕಿದರೆ ನೂರಾರು ವಿಧಾನ ಸಿಗುತ್ತವೆ. ಹೆಚ್ಚಿನವು ಉತ್ತರ ಭಾರತದ ಅಡುಗೆಮನೆಯವು. ಅಲ್ಲಿ ಎಮ್ಮೆ ಹಾಲು, ಹರಳು ಹರಳಾದ ಅಸ್ಸಾಂ ಚಾಹುಡಿ, ಒಣ ಹವೆ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆ ದನದ ಹಾಲು ಅಥವಾ ಮಿಲ್ಮಾ ಪ್ಯಾಕೆಟ್, ನುಣುಪಾದ ಡಸ್ಟ್ ಹುಡಿ, ಮಳೆಗಾಲ ಬಂತೆಂದರೆ ಉಪ್ಪಿನ ಭರಣಿಯೂ ನೀರು ಬಿಡುವಷ್ಟು ತೇವ. ಆ ಅಳತೆಯನ್ನು ಹಾಗೇ ಇಲ್ಲಿಗೆ ತಂದರೆ ಚಾ ಕಹಿಯಾಗುತ್ತದೆ, ಇಲ್ಲವೇ ತೀರಾ ನೀರಾಗುತ್ತದೆ, ಇಲ್ಲವೇ ಖಾರ ಮಾತ್ರ ಉಳಿದು ಪರಿಮಳ ಹಾರಿಹೋಗಿರುತ್ತದೆ. ಅಳತೆ ನಮ್ಮ ಸಾಮಾನಿಗೆ ಮಾಡಿದ್ದಲ್ಲ, ಅಷ್ಟೇ.

ಹಾಗಾಗಿ ಇಲ್ಲಿ ನಮ್ಮ ಮನೆಯಲ್ಲಿ ಸಿಗುವ ಸಾಮಾನನ್ನೇ ಎದುರಿಗಿಟ್ಟು ಹೋಲಿಸಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ: ಮಸಾಲೆ ಯಾವುದು ಎಂದು ಯೋಚಿಸುವ ಮೊದಲು ಹುಡಿ ಮತ್ತು ಹಾಲು ನೋಡಿ. ಮಸಾಲೆ ಅವುಗಳನ್ನು ನೋಡಿಕೊಂಡು ಬರಬೇಕು.

ಡಸ್ಟ್ ಹುಡಿಯೋ, ಹರಳು ಹುಡಿಯೋ

ನಾವು ದಿನಾ ಬಳಸುವ ಚಾಹುಡಿ ಬಹುತೇಕ ಸಿಟಿಸಿ. ಹಲ್ಲಿರುವ ಉರುಳೆಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಸುರುಟಿಸುವ ಯಂತ್ರದಿಂದ ಬಂದದ್ದು. 1930ರ ದಶಕದಲ್ಲಿ ಅಸ್ಸಾಂನಲ್ಲಿ ಶುರುವಾದ ಕ್ರಮ ಅದು. ಹೀಗೆ ತಯಾರಾದದ್ದನ್ನು ಜರಡಿ ಹಿಡಿದಾಗ ದೊಡ್ಡದು ಹರಳಾಗಿ ಒಂದು ಕಡೆ, ತೀರಾ ಸಣ್ಣದು ಡಸ್ಟ್ ಆಗಿ ಇನ್ನೊಂದು ಕಡೆ ಬೀಳುತ್ತದೆ. ಡಸ್ಟ್ ಅಂದರೆ ಕಾರ್ಖಾನೆಯ ನೆಲ ಗುಡಿಸಿದ ಕಸ ಎಂದು ನಂಬಿರುವವರು ಈಗಲೂ ಇದ್ದಾರೆ. ಅದು ಸರಿಯಲ್ಲ. ಅದೇ ಎಲೆ, ಬರೀ ಗಾತ್ರ ಬೇರೆ.

ಆದರೆ ಗಾತ್ರದಿಂದ ಆಗುವ ವ್ಯತ್ಯಾಸ ಸಣ್ಣದಲ್ಲ. ಡಸ್ಟ್ ಕುದಿನೀರಿಗೆ ಬಿದ್ದ ಕೂಡಲೇ ಬಣ್ಣ ಬಿಡುತ್ತದೆ. ಒಂದು, ಒಂದೂವರೆ ನಿಮಿಷ ಸಾಕು. ಹರಳು ಹುಡಿಗೆ ಮೂರು, ನಾಲ್ಕು ನಿಮಿಷ ಬೇಕು. "ಐದು ನಿಮಿಷ ಚೆನ್ನಾಗಿ ಕುದಿಸಿ" ಎಂಬ ಮಾತನ್ನು ನಂಬಿ ಡಸ್ಟ್ ಕುದಿಸಿದರೆ ನಾಲಿಗೆ ಒಗರಾಗುತ್ತದೆ. ಆ ಒಗರಿನ ಎದುರು ಏಲಕ್ಕಿ ನಿಲ್ಲುವುದಿಲ್ಲ. ನಮ್ಮ ಕಡೆಯ ಚಾದಂಗಡಿಯಲ್ಲಿ ಹುಡಿಯನ್ನು ಬಟ್ಟೆ ಚೀಲದಲ್ಲಿಟ್ಟು, ಸಮೋವರಿನ ಬಿಸಿನೀರನ್ನು ಅದರ ಮೇಲೆ ಹೊಯ್ದು ಇಳಿಸುವುದು ಇದಕ್ಕೇ. ಡಸ್ಟ್‌ಗೆ ಹೇಳಿ ಮಾಡಿಸಿದ ಕ್ರಮ ಅದು.

ಯಾವುದನ್ನು ತೆಗೆದುಕೊಳ್ಳಬೇಕು? ಶುಂಠಿ, ಒಳ್ಳೆಮೆಣಸು (ಕಾಳುಮೆಣಸು), ಲವಂಗ ಎಲ್ಲ ಸೇರಿಸಿ ಗಟ್ಟಿಯಾದ ಚಾ ಬೇಕಿದ್ದರೆ ಅಸ್ಸಾಂ ಎಲೆಯ ಹರಳು ಹುಡಿ ಒಳ್ಳೆಯದು. ಅದಕ್ಕೆ ಮೈ ಇದೆ, ಮಸಾಲೆಯನ್ನು ಹೊರುತ್ತದೆ. ಏಲಕ್ಕಿ ಒಂದೇ ಹಾಕಿ ಹಗುರಾದ ಚಾ ಬೇಕಿದ್ದರೆ ಮುನ್ನಾರ್ ಅಥವಾ ನೀಲಗಿರಿ ಕಡೆಯ ಡಸ್ಟ್ ಚೆನ್ನ. ಕಣ್ಣನ್ ದೇವನ್, ಎವಿಟಿ ಇಂಥ ಹುಡಿಗಳು ನಮ್ಮ ಯಾವ ಅಂಗಡಿಯಲ್ಲಾದರೂ ಸಿಗುತ್ತವೆ. ಎರಡೂ ಮನೆಯಲ್ಲಿದ್ದರೆ ಎರಡು ಭಾಗ ಹರಳಿಗೆ ಒಂದು ಭಾಗ ಡಸ್ಟ್ ಬೆರೆಸಿ ಇಡಿ. ಬಣ್ಣವೂ ಬರುತ್ತದೆ, ಮೈಯೂ ಬರುತ್ತದೆ. ನಾನು ದಿನಾ ಮಾಡುವುದು ಹೀಗೇ. ಆದರೆ ಹಾಕುವಾಗ ಚಮಚದಲ್ಲಿ ಒಮ್ಮೆ ಕದಡಿಕೊಳ್ಳಬೇಕು. ಡಸ್ಟ್ ಡಬ್ಬಿಯ ತಳಕ್ಕೆ ಇಳಿದಿರುತ್ತದೆ.

ಡಾರ್ಜಿಲಿಂಗ್‌ನಂಥ ಉದ್ದ ಎಲೆಯ ಚಾ ಉಡುಗೊರೆಯಾಗಿ ಬಂದರೆ ಅದಕ್ಕೆ ಹಾಲು, ಮಸಾಲೆ ಎರಡೂ ಬೇಡ. ಬಿಸಿನೀರಲ್ಲಿ ಸುಮ್ನೆ ನೆನೆಸಿ ಕುಡಿಯಿರಿ. ಏಲಕ್ಕಿ ಪರಿಮಳ ಸೇರಿಸಿದ ಹುಡಿ ಎಂದು ಬರುವುದನ್ನು ಕೊಳ್ಳುವ ಮೊದಲು ಪ್ಯಾಕೆಟಿನ ಹಿಂದೆ ಓದಿ. ಏಲಕ್ಕಿಯೇ ಇದೆಯೋ, ಬರೀ ಫ್ಲೇವರ್ ಇದೆಯೋ, ಅಲ್ಲಿ ಬರೆದಿರಲೇಬೇಕು.

ಹಾಲು

ಪರಿಮಳ ನಿಲ್ಲುವುದು ಹಾಲಿನ ಕೊಬ್ಬಿನಲ್ಲಿ. ಏಲಕ್ಕಿ, ಲವಂಗ, ಚಕ್ಕೆಯ ಎಣ್ಣೆಯಂಶ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಹಾಗಾಗಿ ಹಾಲು ಯಾವುದು ಎನ್ನುವುದರ ಮೇಲೆ ನೀರು ಎಷ್ಟು ಎನ್ನುವುದು ಬದಲಾಗಬೇಕು.

ಪ್ಯಾಕೆಟ್ ಹಾಲಿನಲ್ಲಿ ಟೋನ್ಡ್ ಎಂದರೆ ಶೇಕಡ 3 ಕೊಬ್ಬು. ಸ್ಟ್ಯಾಂಡರ್ಡೈಸ್ಡ್ ಎಂದರೆ 4.5. ಫುಲ್ ಕ್ರೀಮ್ ಎಂದರೆ 6. ಡಬಲ್ ಟೋನ್ಡ್‌ನಲ್ಲಿ 1.5 ಮಾತ್ರ, ಅದು ಮಸಾಲೆ ಚಾಕ್ಕೆ ಆಗುವುದಿಲ್ಲ. ಟೋನ್ಡ್ ಹಾಲಾದರೆ ಹಾಲು, ನೀರು ಸಮಪಾಲು. ಫುಲ್ ಕ್ರೀಮ್ ಆದರೆ ನೀರು ಸ್ವಲ್ಪ ಜಾಸ್ತಿ, ಮೂರು ಪಾಲು ನೀರಿಗೆ ಎರಡು ಪಾಲು ಹಾಲು. ಇಲ್ಲದಿದ್ದರೆ ಚಾ ಕುಡಿದ ಹಾಗಲ್ಲ, ಪಾಯಸ ಕುಡಿದ ಹಾಗಾಗುತ್ತದೆ.

ಮನೆಯಲ್ಲಿ ದನ ಇರುವವರಿಗೆ ಅಳತೆ ಹೇಳುವುದು ಕಷ್ಟ. ನಮ್ಮ ಕಾಸರಗೋಡು ಗಿಡ್ಡ ತಳಿಯ ದನ ಕೊಡುವುದು ದಿನಕ್ಕೆ ಒಂದೆರಡು ಲೀಟರ್ ಅಷ್ಟೇ, ಆದರೆ ಅದರ ಹಾಲಿನ ಚಾಕ್ಕೆ ಬೇರೆಯೇ ರುಚಿ. ಜರ್ಸಿ, ಎಚ್ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿಯ ಹಾಲು ಜಾಸ್ತಿ ಸಿಗುತ್ತದೆ, ಸ್ವಲ್ಪ ತೆಳು. ಕೆನೆ ಎಷ್ಟು ಕಟ್ಟುತ್ತದೆ ನೋಡಿ ಅಂದಾಜು ಮಾಡಿ. ಒಂದು ಸಲ ಕುದಿಸಿ ಕೆನೆ ತೆಗೆದಿಟ್ಟ ಹಾಲಾದರೆ ಟೋನ್ಡ್ ಎಂದೇ ಲೆಕ್ಕ ಹಾಕಿ.

ಹಾಲು ಒಡೆಯುವ ವಿಷಯ. ಹೆಚ್ಚಾಗಿ ಎರಡು ಕಾರಣ ಇರುತ್ತದೆ. ಒಂದು, ಹಾಲೇ ಹಳತಾಗಿ ಹುಳಿ ತಿರುಗಿರುವುದು. ಇನ್ನೊಂದು ಹಸಿಶುಂಠಿ. ಹಸಿಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಒಂದು ಕಿಣ್ವ ಇದೆ. ಚೀನಾದ ಗುವಾಂಗ್‌ಡಾಂಗ್ ಕಡೆ ಇದೇ ಗುಣವನ್ನು ನಂಬಿ, ಬಿಸಿ ಹಾಲಿಗೆ ಶುಂಠಿರಸ ಹಾಕಿ ಮೊಸರಿನ ಹಾಗೆ ಗಟ್ಟಿಯಾಗುವ ಸಿಹಿ ಮಾಡುತ್ತಾರೆ. ನಮಗೆ ಅದು ಬೇಡ. ಕುದಿನೀರಲ್ಲಿ ಆ ಕಿಣ್ವ ಸಾಯುತ್ತದೆ. ಶುಂಠಿಯನ್ನು ಮೊದಲು ನೀರಿನಲ್ಲಿ ಎರಡು ಮೂರು ನಿಮಿಷ ಕುದಿಸಿ, ಆಮೇಲೆ ಹಾಲು ಹಾಕಿದರೆ ಒಡೆಯುವ ಭಯ ಇಲ್ಲ. ಹಾಲು ಕಾಯುತ್ತಿರುವಾಗ ಮೇಲಿಂದ ಶುಂಠಿ ತುರಿದು ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ನೀರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಣ್ಮಕಜೆ, ಪೈವಳಿಕೆ, ಬಾಯಾರು ಕಡೆ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಇರುವ ಮನೆಯವರು ಪುಣ್ಯವಂತರು. ಮೆದು ನೀರು, ಚಾದ ಬಣ್ಣ ಕೆಂಪಗೆ ಹೊಳೆಯುತ್ತದೆ. ಗಡಸು ನೀರಿನ ಬೋರ್‌ವೆಲ್ ಇದ್ದರೆ ಚಾ ಮಂಕಾಗಿ ಮೇಲೆ ತೆಳ್ಳಗೆ ಪೊರೆ ಕಟ್ಟುತ್ತದೆ. ಬಾವಿನೀರು ಇದ್ದರೆ ಚಾಕ್ಕೆ ಅದನ್ನೇ ತನ್ನಿ.

ಜಜ್ಜುವುದೋ, ಹುಡಿ ಮಾಡಿಡುವುದೋ, ಕೊಳ್ಳುವುದೋ

"ಅಕ್ಕಾ, ಯಾವ ಚಾ ಮಸಾಲ ಒಳ್ಳೆಯದು?" ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ಮನೆಯಲ್ಲಿ ಕುಟ್ಟಾಣಿ ಇದೆಯಾ ಎಂದು. ಆಗಾಗ ಜಜ್ಜಿ ಹಾಕುವುದಕ್ಕೆ ಸಮ ಬೇರೆ ಇಲ್ಲ. ಇಡೀ ಏಲಕ್ಕಿ, ಇಡೀ ಮೆಣಸು ತನ್ನ ಪರಿಮಳವನ್ನು ಸಿಪ್ಪೆಯೊಳಗೆ ತಿಂಗಳುಗಟ್ಟಲೆ ಕಾಪಾಡಿಕೊಳ್ಳುತ್ತದೆ. ಹುಡಿ ಮಾಡಿದ ಮರುಗಳಿಗೆಯಿಂದ ಅದು ಗಾಳಿಗೆ ಹೋಗಲು ಶುರು. ನಮ್ಮ ಮಳೆಗಾಲದಲ್ಲಿ ಇದರ ಮೇಲೆ ತೇವವೂ ಸೇರುತ್ತದೆ. ಜೂನ್‌ನಲ್ಲಿ ತೆರೆದ ಹುಡಿ ಡಬ್ಬಿ ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿಯುವುದರೊಳಗೆ ಗಂಟು ಕಟ್ಟಿ, ಮೂಸಿದರೆ ಮಣ್ಣಿನ ವಾಸನೆ ಬರುತ್ತದೆ.

ಇಬ್ಬರ ಚಾಕ್ಕೆ ಎರಡು ಏಲಕ್ಕಿ, ಮೂರು ಒಳ್ಳೆಮೆಣಸು, ಅರ್ಧ ಇಂಚು ಶುಂಠಿ. ಜಜ್ಜಲು ಒಂದು ನಿಮಿಷ ಸಹ ಬೇಡ. ನುಣ್ಣಗೆ ಮಾಡಬೇಡಿ, ಒಡೆದರೆ ಸಾಕು. ನುಣ್ಣಗಾದರೆ ಜಾಲರಿಯಿಂದ ಇಳಿದು ಗ್ಲಾಸಿನ ತಳದಲ್ಲಿ ಕೂರುತ್ತದೆ, ಕೊನೆಯ ಗುಟುಕು ಗಂಟಲಿಗೆ ಹಿಡಿಯುತ್ತದೆ.

ಬೆಳಿಗ್ಗೆ ಮಕ್ಕಳ ಬಸ್ಸು, ಕೆಲಸಕ್ಕೆ ಹೊರಡುವ ಗಡಿಬಿಡಿ ಇರುವ ಮನೆಯಲ್ಲಿ ಇದು ಆಗದು, ಒಪ್ಪುತ್ತೇನೆ. ಅಂಥವರು ಮನೆಯಲ್ಲೇ ಹುಡಿ ಮಾಡಿಡಿ. ಏಲಕ್ಕಿ 20 ಗ್ರಾಂ, ಒಣಶುಂಠಿ 15 ಗ್ರಾಂ, ಒಳ್ಳೆಮೆಣಸು 10 ಗ್ರಾಂ, ಚಕ್ಕೆ 5 ಗ್ರಾಂ, ಲವಂಗ 2 ಗ್ರಾಂ, ಒಂದು ಜಾಯಿಕಾಯಿಯ ಕಾಲು ಭಾಗ. ಹುರಿಯುವುದು ಬೇಡ, ಹುರಿದರೆ ಪರಿಮಳ ಅಡುಗೆಮನೆಯಲ್ಲೇ ಮುಗಿಯುತ್ತದೆ. ಒಳ್ಳೆಯ ಬಿಸಿಲಲ್ಲಿ ಒಂದೆರಡು ಗಂಟೆ ಇಡಿ. ಮಳೆಗಾಲದಲ್ಲಿ ಆದರೆ ಕಾವಲಿ ಬಿಸಿ ಮಾಡಿ, ಒಲೆ ಆರಿಸಿ, ಅದರ ಮೇಲೆ ಹರಡಿ, ತೇವ ಹೋಗುವಷ್ಟು ಹೊತ್ತು ಬಿಡಿ. ಒಣಶುಂಠಿಯನ್ನು ಮೊದಲು ಕುಟ್ಟಾಣಿಯಲ್ಲಿ ಚೂರು ಮಾಡಿಕೊಳ್ಳಿ, ಇಡೀದನ್ನು ಮಿಕ್ಸಿಗೆ ಹಾಕಬೇಡಿ. ನಾರು ಉಳಿದರೆ ಜರಡಿ ಹಿಡಿಯಿರಿ. ಇಬ್ಬರ ಚಾಕ್ಕೆ ಕಾಲು ಚಮಚ ಸಾಕು. ಒಂದು ತಿಂಗಳಲ್ಲಿ ಮುಗಿಯುವಷ್ಟೇ ಮಾಡಿ.

ಕೊಳ್ಳುವ ಚಾ ಮಸಾಲೆಯನ್ನು ಸುಮ್ನೆ ತೆಗಳಲಾರೆ. ಕೆಲವು ನಿಜಕ್ಕೂ ಚೆನ್ನಾಗಿವೆ. ಆರಿಸಲು ಒಂದು ದಾರಿ ಇದೆ. ಪ್ಯಾಕೆಟಿನ ಹಿಂದೆ ಸಾಮಾನಿನ ಪಟ್ಟಿ ಇರುತ್ತದಲ್ವಾ? ಯಾವುದು ತೂಕದಲ್ಲಿ ಜಾಸ್ತಿಯೋ ಅದು ಮೊದಲು, ಕಮ್ಮಿ ಇರುವುದು ಕೊನೆಗೆ ಎನ್ನುವುದು ನಿಯಮ. ಒಣಶುಂಠಿ, ಮೆಣಸು ಮೊದಲು ಬಂದು ಏಲಕ್ಕಿ ತೀರಾ ಕೊನೆಗೆ ಇದ್ದರೆ ಅದು ಖಾರದ ಹುಡಿ, ಪರಿಮಳದ್ದಲ್ಲ. ಏಲಕ್ಕಿ ಮೊದಲ ಎರಡು ಮೂರರಲ್ಲಿ ಇರುವುದನ್ನು ನೋಡಿ ತನ್ನಿ. ತಯಾರಾದ ತಿಂಗಳು ಹತ್ತಿರದ್ದಾಗಿರಲಿ, ಪ್ಯಾಕೆಟ್ ಚಿಕ್ಕದಾಗಿರಲಿ. ಬಿಸಿನೀರಿಗೆ ಹಾಕಿದರೆ ಮುಗಿಯಿತು ಎನ್ನುವ ಪ್ರಿಮಿಕ್ಸ್‌ನ ಪಟ್ಟಿಯನ್ನೂ ಒಮ್ಮೆ ಓದಿ. ಹೆಚ್ಚಿನವುಗಳಲ್ಲಿ ಮೊದಲು ಬರುವುದು ಸಕ್ಕರೆ ಮತ್ತು ಹಾಲಿನ ಹುಡಿ. ರೈಲಿನಲ್ಲಿ, ಆಸ್ಪತ್ರೆಯಲ್ಲಿ ಯಾರ ಜೊತೆಗಾದರೂ ನಿಲ್ಲಬೇಕಾದಾಗ ಅದು ಉಪಕಾರಕ್ಕೆ ಬರುತ್ತದೆ. ಮನೆಗೆ ಯಾಕೆ?

ಯಾವ ಮಸಾಲೆ, ಯಾವಾಗ

ಏಲಕ್ಕಿ ಇಲ್ಲದೆ ಮಸಾಲೆ ಚಾ ಇಲ್ಲ ಎನ್ನುವ ಪಂಗಡದವಳು ನಾನು. ಅಂಗಡಿಯಲ್ಲಿ ದಪ್ಪ, ಹಸಿರು, ಎಂಟು ಮಿಲಿಮೀಟರಿನ ಏಲಕ್ಕಿಗೆ ಬೆಲೆ ಜಾಸ್ತಿ. ಚಾಕ್ಕೆ ಅದು ಬೇಕಾಗಿಲ್ಲ. ಸಣ್ಣ ಗಾತ್ರದ್ದು, ಬಾಯಿ ಸ್ವಲ್ಪ ಬಿಟ್ಟದ್ದು ಕಮ್ಮಿ ಬೆಲೆಗೆ ಸಿಗುತ್ತದೆ, ಅದನ್ನೇ ತನ್ನಿ. ಆದರೆ ಒಂದನ್ನು ಅಲ್ಲೇ ಬಿಡಿಸಿ ನೋಡಿ. ಒಳಗಿನ ಕಾಳು ಕಪ್ಪಗೆ, ಒಂದಕ್ಕೊಂದು ಅಂಟಿಕೊಂಡು, ಉಗುರಲ್ಲಿ ಒತ್ತಿದರೆ ಸ್ವಲ್ಪ ಜಿಡ್ಡಾಗಿರಬೇಕು. ಹಾಗಿದ್ದರೆ ಕೈಯಲ್ಲಿ ಆ ಪರಿಮಳ ಮನೆಗೆ ಬರುವ ತನಕ ಇರುತ್ತದೆ. ಕಾಳು ಕಂದಾಗಿ, ಒಣಗಿ, ಉದುರಿ ಬೀಳುತ್ತಿದ್ದರೆ ಹೊರಗೆ ಎಷ್ಟೇ ಹಸಿರಿದ್ದರೂ ಬೇಡ. ಏಲಕ್ಕಿಯ ಪರಿಮಳ ಬೇಗ ಹಾರುವಂಥದ್ದು. ಸಿಪ್ಪೆಯನ್ನು ಮೊದಲು ನೀರಿಗೆ ಹಾಕಿ, ಜಜ್ಜಿದ ಕಾಳನ್ನು ಒಲೆ ಆರಿಸುವ ಹೊತ್ತಿಗೆ ಹಾಕಿ ಮುಚ್ಚಿಡಿ. ಈ ಒಂದು ಬದಲಾವಣೆ ಮಾಡಿ ನೋಡಿ, ಗ್ಲಾಸು ಬಾಯಿಗೆ ಬರುವ ಮೊದಲೇ ಗೊತ್ತಾಗುತ್ತದೆ.

ಶುಂಠಿಯಲ್ಲಿ ಹಸಿ, ಒಣ ಎರಡೂ ಬೇರೆ ಬೇರೆ ಸಾಮಾನು ಎಂದೇ ತಿಳಿಯಿರಿ. ಹಸಿಶುಂಠಿಗೆ ಒಂದು ತಾಜಾತನ ಇದೆ, ಸ್ವಲ್ಪ ನಿಂಬೆಯ ಛಾಯೆ. ಒಣಗಿದಾಗ ಅದರ ಖಾರದ ಅಂಶವೇ ಬದಲಾಗಿ ಇನ್ನೂ ಚುರುಕಾಗುತ್ತದೆ. ಹಾಗಾಗಿ ಒಣಶುಂಠಿ ಗಂಟಲಿನ ತಳಕ್ಕೆ ಇಳಿದ ಮೇಲೆ ಸುಡುತ್ತದೆ. ಶೀತ, ಕೆಮ್ಮು ಇರುವ ಮಳೆಗಾಲದ ಸಂಜೆಗೆ ಒಣಶುಂಠಿ, ಉಳಿದ ದಿನಕ್ಕೆ ಹಸಿ. ಹಸಿಯದನ್ನು ಜಜ್ಜಬೇಕೋ ತುರಿಯಬೇಕೋ? ತುರಿದರೆ ರಸ ಜಾಸ್ತಿ, ಖಾರ ಜಾಸ್ತಿ. ಜಜ್ಜಿದರೆ ಹಿತ. ನಾನು ಜಜ್ಜುತ್ತೇನೆ.

ಒಳ್ಳೆಮೆಣಸು ನಮ್ಮಲ್ಲಿ ಅಡಿಕೆ ಮರಕ್ಕೇ ಹಬ್ಬಿರುತ್ತದೆ, ಅಂಗಡಿಗೆ ಹೋಗಬೇಕಾಗಿಲ್ಲ. ತಳಿಪರಂಬದ ಹತ್ತಿರದ ಪನ್ನಿಯೂರು ಸಂಶೋಧನಾ ಕೇಂದ್ರದಿಂದ ಬಂದ ಪನ್ನಿಯೂರು 1 ದಪ್ಪ ಕಾಳಿನದ್ದು. ಕರಿಮುಂಡ ಸಣ್ಣ ಕಾಳಿನದ್ದು. ಚಾಕ್ಕೆ ನನಗೆ ಕರಿಮುಂಡ ಇಷ್ಟ. ಯಾವುದಾದರೂ ಚೆನ್ನಾಗಿ ಬಲಿತು ಒಣಗಿದ್ದಾಗಿರಲಿ. ಹಲಸಿನ ಹಪ್ಪಳ ಕರಿಯುವ ಮಳೆಯ ಸಂಜೆಗೆ ಮೆಣಸು, ಶುಂಠಿ, ಒಂದು ಏಲಕ್ಕಿ ಹಾಕಿದ ಚಾಕ್ಕಿಂತ ಬೇರೆ ಬೇಕಾಗಿಲ್ಲ. ಏಪ್ರಿಲ್, ಮೇ ಸೆಕೆಯಲ್ಲಿ ಮೆಣಸನ್ನು ಪೂರ್ತಿ ಬಿಡಿ. ಆಗ ಏಲಕ್ಕಿ ಮತ್ತು ಮಜ್ಜಿಗೆ ಹುಲ್ಲು (ನಿಂಬೆಹುಲ್ಲು). ಬಚ್ಚಲಿನ ಬದಿಯಲ್ಲಿ ಒಂದು ಬುಡ ನೆಟ್ಟರೆ ಅದು ತನ್ನಷ್ಟಕ್ಕೆ ಬೆಳೆಯುತ್ತದೆ. ಎರಡು ಗರಿ ಕೊಯ್ದು ಗಂಟು ಕಟ್ಟಿ ನೀರಲ್ಲಿ ಕುದಿಸಿ, ಹಾಲು ಹಾಕುವ ಮೊದಲು ತೆಗೆಯಿರಿ.

ಚಕ್ಕೆಯಲ್ಲಿ ಎರಡು ಜಾತಿ. ದಪ್ಪಗೆ, ಗಟ್ಟಿಯಾಗಿ, ಒಂದೇ ಪದರದಲ್ಲಿ ಸುರುಟಿರುವುದು ಕ್ಯಾಸಿಯಾ. ಕಾಗದದ ಹಾಗೆ ತೆಳು ಪದರಗಳಿದ್ದು ಬೆರಳಲ್ಲೇ ಮುರಿಯುವುದು ನಿಜವಾದ ದಾಲ್ಚಿನ್ನಿ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ಅಂಶ ಜಾಸ್ತಿ. ಅದು ಅತಿಯಾದರೆ ಯಕೃತ್ತಿಗೆ ಒಳ್ಳೆಯದಲ್ಲ. ದಿನಾ ಚಕ್ಕೆ ಹಾಕುವವರು ತೆಳು ಪದರದ್ದನ್ನೇ ಹುಡುಕಿ. ಮಲಬಾರಿಗೆ ಇದು ಹೊಸದಲ್ಲ. ಕಣ್ಣೂರಿನ ಅಂಜರಕಂಡಿಯಲ್ಲಿ ಈಸ್ಟ್ ಇಂಡಿಯಾ ಕಂಪೆನಿ 18ನೇ ಶತಮಾನದಲ್ಲೇ ದಾಲ್ಚಿನ್ನಿ ತೋಟ ಮಾಡಿಸಿತ್ತು. ನಮ್ಮ ಕಡೆಯ ಹಿತ್ತಿಲಲ್ಲೂ ಮರ ಇರುವ ಮನೆಗಳಿವೆ. ಅದರ ಎಲೆಯನ್ನು ಹಾಕುವುದಾದರೆ ಲವಂಗ ಬೇಡ. ಎಲೆಯಲ್ಲಿರುವುದು ಲವಂಗದ್ದೇ ಪರಿಮಳ, ಎರಡೂ ಸೇರಿದರೆ ಹಲ್ಲುನೋವಿನ ಔಷಧಿಯ ವಾಸನೆ ಬರುತ್ತದೆ.

ಲವಂಗ ಇಬ್ಬರಿಗೆ ಒಂದು, ಅದೂ ಬೇಕಿದ್ದರೆ. ಜಾಯಿಕಾಯಿ ಎರಡು ಸಲ ತುರಿಮಣೆಗೆ ತಾಗಿಸಿದಷ್ಟು. ಸೋಂಪು ನನಗೆ ಹಿಡಿಸುವುದಿಲ್ಲ, ಸಿಹಿ ಇಷ್ಟ ಇರುವವರು ಹಾಕಬಹುದು.

ಎಲ್ಲವನ್ನೂ ಒಟ್ಟಿಗೆ ಹಾಕುವುದು ಮಾತ್ರ ಬೇಡ. ಒಂದು ಮಸಾಲೆ ಮುಂದೆ ನಿಲ್ಲಲಿ, ಒಂದೆರಡು ಅದರ ಹಿಂದೆ.

ಕುದಿಸುವ ಕ್ರಮ

ಇಬ್ಬರಿಗೆ, ಟೋನ್ಡ್ ಹಾಲು, ಬೆರಕೆ ಹುಡಿ ಎಂದು ಇಟ್ಟುಕೊಳ್ಳಿ. 175 ಮಿಲಿಲೀಟರ್ ನೀರಿಗೆ ಜಜ್ಜಿದ ಶುಂಠಿ, ಮೆಣಸು, ಏಲಕ್ಕಿ ಸಿಪ್ಪೆ, ಉಗುರಗಲದ ಚಕ್ಕೆ ಹಾಕಿ ಮೂರು ನಿಮಿಷ ಕುದಿಸಿ. ನೀರು ತಿಳಿ ಹಳದಿಗೆ ತಿರುಗುತ್ತದೆ. ಒಂದೂವರೆ ಚಮಚ ಹುಡಿ ಹಾಕಿ ಒಂದು ನಿಮಿಷ. ಈಗ 175 ಮಿಲಿಲೀಟರ್ ಹಾಲು, ಫ್ರಿಜ್ಜಿನಿಂದ ತೆಗೆದದ್ದಲ್ಲ, ಬೇರೆ ಪಾತ್ರೆಯಲ್ಲಿ ಬಿಸಿ ಮಾಡಿದ್ದು. ತಣ್ಣನೆಯ ಹಾಲು ಹಾಕಿದರೆ ಮತ್ತೆ ಕುದಿ ಬರುವ ತನಕ ಹುಡಿ ಒಳಗೇ ಬೇಯುತ್ತಾ ಇರುತ್ತದೆ, ಡಸ್ಟ್‌ಗೆ ಅಷ್ಟು ಹೊತ್ತು ಜಾಸ್ತಿಯಾಯಿತು. ಬಿಸಿ ಹಾಲಾದರೆ ಅರ್ಧ ನಿಮಿಷದಲ್ಲಿ ಉಕ್ಕುತ್ತದೆ. ಉಕ್ಕು ಬಂದಾಗ ಉರಿ ಸಣ್ಣ ಮಾಡಿ, ಇನ್ನೊಮ್ಮೆ ಉಕ್ಕಲಿ. ಆರಿಸಿ, ಏಲಕ್ಕಿ ಕಾಳು ಹಾಕಿ, ಎರಡು ನಿಮಿಷ ಮುಚ್ಚಿ, ಸೋಸಿ.

ಹರಳು ಹುಡಿ ಮಾತ್ರ ಇದ್ದರೆ ಹುಡಿ ಎರಡು ಚಮಚ, ಹಾಲು ಹಾಕಿದ ಮೇಲೂ ಎರಡು ಮೂರು ನಿಮಿಷ ಸಣ್ಣ ಉರಿಯಲ್ಲಿ ಬಿಡಿ. ಬರೀ ಡಸ್ಟ್ ಆದರೆ ಇನ್ನೊಂದು ದಾರಿ ಒಳ್ಳೆಯದು: ಮಸಾಲೆಯನ್ನು ಮೊದಲು ನೀರಿನಲ್ಲಿ ಕುದಿಸಿ, ಆಮೇಲೆ ಹಾಲು ಸೇರಿಸಿ ಕುದಿಸಿ ಇಟ್ಟುಕೊಂಡು, ಬಟ್ಟೆ ಸೋಸಣಿಗೆಯಲ್ಲಿ ಹುಡಿ ಹಾಕಿ, ಅದರ ಮೇಲೆ ಹೊಯ್ಯುವುದು. ಎರಡು ಸಲ ಹೊಯ್ದರೆ ಬಣ್ಣ ಬರುತ್ತದೆ. ನೆಂಟರು ಹತ್ತು ಹನ್ನೆರಡು ಮಂದಿ ಬಂದಾಗಲೂ ಇದೇ ಸುಲಭ, ಒಬ್ಬರಿಗೆ ಸ್ಟ್ರಾಂಗ್, ಒಬ್ಬರಿಗೆ ಲೈಟ್ ಎಂದು ಕೊಡಬಹುದು.

ಸಿಹಿಗೆ ಸಕ್ಕರೆಯಾದರೆ ಯಾವಾಗ ಹಾಕಿದರೂ ಆದೀತು. ಬೆಲ್ಲವಾದರೆ ಒಲೆ ಆರಿಸಿದ ಮೇಲೆಯೇ. ಬೆಲ್ಲಕ್ಕೆ ಸ್ವಲ್ಪ ಹುಳಿಗುಣ ಇರುವುದರಿಂದ ಕುದಿಯುವ ಹಾಲಲ್ಲಿ ಒಡೆದುಬಿಡುತ್ತದೆ. ಬೆಲ್ಲದ ಚಾಕ್ಕೆ ಶುಂಠಿ, ಮೆಣಸು ಹೊಂದುತ್ತದೆ, ಏಲಕ್ಕಿ ಒಂದೇ ಹಾಕಿದ ಚಾಕ್ಕೆ ಸಕ್ಕರೆಯೇ ಸರಿ. ಓಲೆಬೆಲ್ಲದ (ತಾಳೆಬೆಲ್ಲದ) ಹೊಗೆ ವಾಸನೆ ಹಾಲಿಲ್ಲದ ಕಪ್ಪು ಚಾದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಚಾವೇ ಬೇಕಾ, ಕಷಾಯ ಆಗದಾ?

ರಾತ್ರಿ ಮಸಾಲೆಯ ಬಿಸಿ ಏನಾದರೂ ಬೇಕು, ಆದರೆ ನಿದ್ದೆ ಕೆಡಬಾರದು ಎನ್ನುವವರಿಗೆ ನಮ್ಮ ಮನೆಗಳ ಕೊತ್ತಂಬರಿ ಜೀರಿಗೆ ಕಷಾಯ ಇದೆ. ಚಾಹುಡಿ ಇಲ್ಲ, ಹಾಗಾಗಿ ಕೆಫೀನ್ ಇಲ್ಲ. ನಾಲ್ಕು ಭಾಗ ಕೊತ್ತಂಬರಿಗೆ ಎರಡು ಭಾಗ ಜೀರಿಗೆ, ಅರ್ಧ ಭಾಗ ಒಳ್ಳೆಮೆಣಸು, ಸಣ್ಣ ಉರಿಯಲ್ಲಿ ಪರಿಮಳ ಬರುವಷ್ಟು ಹುರಿದು ಹುಡಿ ಮಾಡಿದ್ದು. ಚಾ ಮಸಾಲೆಗೆ ಹುರಿಯಬೇಡಿ ಎಂದೆ, ಇದಕ್ಕೆ ಹುರಿಯಲೇಬೇಕು, ಹಸಿ ಕೊತ್ತಂಬರಿಕಾಳಿನ ವಾಸನೆ ಕಷಾಯಕ್ಕೆ ಆಗುವುದಿಲ್ಲ. ನೀರಲ್ಲಿ ಕುದಿಸಿ, ಹಾಲು ಹಾಕಿ, ಇಳಿಸಿ ಬೆಲ್ಲ. ಮಕ್ಕಳಿಗೆ ನಾನು ಕೊಡುವುದು ಇದನ್ನೇ. ರಕ್ತಹೀನತೆ ಇರುವವರೂ ಊಟದ ಜೊತೆ ಚಾ ಕುಡಿಯುವುದು ಒಳ್ಳೆಯದಲ್ಲ, ಆಹಾರದಲ್ಲಿರುವ ಕಬ್ಬಿಣದ ಅಂಶ ಮೈಗೆ ಹಿಡಿಯುವುದನ್ನು ಚಾ ತಡೆಯುತ್ತದೆ. ಊಟಕ್ಕೂ ಚಾಕ್ಕೂ ನಡುವೆ ಒಂದು ಗಂಟೆಯಾದರೂ ಬಿಡಿ, ಅಥವಾ ಆ ಹೊತ್ತಿಗೆ ಕಷಾಯ ಕುಡಿಯಿರಿ.

ತೋಟದ ಕೆಲಸದವರಿಗೆ ಹತ್ತು ಗಂಟೆಯ ಚಾ ಫ್ಲಾಸ್ಕಿನಲ್ಲಿ ಕಳಿಸುವುದಾದರೆ ಲವಂಗ, ಚಕ್ಕೆ ಎರಡನ್ನೂ ಬಿಟ್ಟು ಏಲಕ್ಕಿ, ಶುಂಠಿ ಮಾತ್ರ ಹಾಕಿ. ಮುಚ್ಚಿದ ಫ್ಲಾಸ್ಕಿನಲ್ಲಿ ಅವೆರಡರ ವಾಸನೆ ಹೊತ್ತು ಹೋದ ಹಾಗೆ ಜೋರಾಗುತ್ತದೆ. ಸೋಸಿದ ಚಾವನ್ನು ಬಟ್ಟೆಯಲ್ಲಿ ಇನ್ನೊಮ್ಮೆ ಸೋಸಿ ತುಂಬಿಸಿ, ತಳದಲ್ಲಿ ಡಸ್ಟ್ ಉಳಿದರೆ ಎರಡು ಗಂಟೆಯಲ್ಲಿ ಕಹಿಯಾಗುತ್ತದೆ. ಸಕ್ಕರೆ ಬೇರೆಯೇ ಕಟ್ಟಿ ಕೊಡಿ.